ಹುಬ್ಬಿನ ತುದಿಯ ಹನಿ

ಹೊರಟಿತು, ಬೈತಲೆಯ ಎಡಗಡೆಯಿಂದ, ತಲೆ ಮೇಲಿನ ಸಿಂಬಿಯ ಅಡಿಯಿಂದ ನುಸುಳಿ, ಹಣೆಯ ಮೇಲೆ ಇರುವೆ ಹರಿದ ಹಾಗೆ ಬಂದು ಕುಂಕುಮದ ಪಕ್ಕದಲ್ಲಿ ನಿಂತು ಯೋಚಿಸುತ್ತಿದೆ ಹನಿ, ಯಾವ ಕಡೆ ಇಳಿಯಲಿ ಅಂತ, ಇಳಿ ತಾಯಿ, ಯಾವ ಕಡೆಯಾದರೂ ಇಳಿ, ಒರೆಸೋಣವೆಂದರೆ ನನ್ನ ಎರಡು ಕೈಯೂ ತಲೆ ಮೇಲಿನ ಹಿತ್ತಾಳೆ ತಟ್ಟೆಯನ್ನು ಹಿಡಿದಿವೆ, ತಟ್ಟೆಯಲ್ಲಿ ತಂಬಿಟ್ಟಿನ ದೀಪ, ಹೊತ್ತವಳು ಊರದೇವತೆ ಸಪ್ಪಲಮ್ಮನ ಗುಡಿಗೆ ಮೂರು ಸುತ್ತು ಬಂದು ಇಳಿಸುವ ತನಕ ಕೈ ಬಿಡುವಂತಿಲ್ಲ, ನಡುವೆ ಇಳಿಸುವಂತಿಲ್ಲ, ಇನ್ನೊಬ್ಬರ ತಲೆಗೆ ದಾಟಿಸುವಂತಿಲ್ಲ, ಆರಿಹೋದರಂತೂ ಕೇಳುವುದೇ ಬೇಡ, ಆ ವರ್ಷ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ದೀಪ ಆರಿದ್ದಕ್ಕೇ ಆಯಿತು ಅನ್ನುತ್ತಾರೆ — ಜಕ್ಕೂರಿನಲ್ಲಿ ಈ ಸಂಜೆ ಚಳಿ, ಶಿವರಾತ್ರಿಗೆ ಇನ್ನೂ ದಿನವಿದೆ, ಕೆರೆ ಕಡೆಯಿಂದ ಗಾಳಿ, ಮುಂದೆ ನಡೆಯುತ್ತಿರುವ ಹೆಂಗಸರು ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ಫೋನಿನಲ್ಲಿ ನಮ್ಮನ್ನು ಹಿಡಿಯುತ್ತಿರುವವರು ಸ್ವೆಟರು ಹಾಕಿಕೊಂಡಿದ್ದಾರೆ, ನಾನೊಬ್ಬಳೇ ಬಾವಿಯಿಂದ ಎದ್ದು ಬಂದವಳ ಹಾಗೆ, ರವಿಕೆ ಬೆನ್ನಿಗೆ ಅಂಟಿದೆ, ಸೀರೆ ತೊಡೆಗೆ ಅಂಟಿದೆ, ಹೆಜ್ಜೆ ಎತ್ತಿದರೆ ಚಪ್ಪಲಿಯಿಲ್ಲದ ಕಾಲಿನ ಒದ್ದೆ ಗುರುತು ಟಾರಿನ ಮೇಲೆ ಬೀಳುತ್ತದೆ, ಹಿಂದಿನವರು ನೋಡಲಿ, ಮುನಿನಾರಾಯಣಮ್ಮ ಈ ದಾರಿಯಲ್ಲಿ ಹೋದಳು ಅಂತ ಗೊತ್ತಾಗಲಿ — ಹನಿ ಇಳಿಯಿತು, ಹುಬ್ಬಿನ ತುದಿಗೆ ಬಂದು ನೇತಾಡುತ್ತಿದೆ, ಬೀಳುವುದಿಲ್ಲ, ಕಣ್ಣಿಗೆ ಅಷ್ಟು ಹತ್ತಿರ, ಅದರೊಳಗೆ ಒಂದು ಬೆಳಕು, ಹಳದಿ, ಸಾಸಿವೆ ಕಾಳಿನಷ್ಟು, ತಲೆ ಮೇಲಿನ ದೀಪ ಹೊತ್ತವಳಿಗೆ ಕಾಣುವುದಿಲ್ಲವಲ್ಲ, ಉಳಿದವರು ಪಕ್ಕದವಳನ್ನು ಕೇಳುತ್ತಾರೆ, ಉರೀತೈತೇನೇ ಅಕ್ಕಾ ಅಂತ, ನಾನು ಯಾರನ್ನೂ ಕೇಳುವುದಿಲ್ಲ, ನನಗೆ ಹನಿಯಲ್ಲಿ ಕಾಣುತ್ತದೆ, ಅದು ನನ್ನ ದೀಪದ್ದೋ ಮುಂದಿನವಳದ್ದೋ ಬೀದಿ ಲೈಟಿನದ್ದೋ ಯಾರಿಗೆ ಗೊತ್ತು, ನನ್ನದೇ ಅಂದುಕೊಂಡು ನಡೆಯುತ್ತಿದ್ದೇನೆ.

ಆರಬಾರದು, ಇವತ್ತು ಆರಲೇಬಾರದು, ಬೆಳಿಗ್ಗೆ ಬಾಯಿ ಬಿಟ್ಟು ಪಂಥ ಕಟ್ಟಿದ್ದೇನೆ, ನನ್ನ ಬಾಯಿ ಸುಮ್ಮನಿರುವ ಬಾಯಲ್ಲ — ಶುರುವಾದದ್ದು ತಂಬಿಟ್ಟಿನಿಂದ, ನನ್ನ ಸೊಸೆ ಸರಳಾ ಅಕ್ಕಿಹಿಟ್ಟಿನ ಪಾತ್ರೆಯನ್ನು ನನ್ನ ಕೈಗೆಟುಕದ ಹಾಗೆ ಎಳೆದುಕೊಂಡು, ಅತ್ತೆ ನೀವು ಫ್ಯಾನ್ ಕೆಳಗೆ ಕೂತ್ಕೊಳ್ಳಿ, ನಾನು ಕಲಸ್ತೀನಿ ಅಂದಳು, ಯಾಕೆ ಅಂದೆ, ಯಾಕೆ ಅಂದ್ರೆ, ಅಂತ ನಿಲ್ಲಿಸಿ ನನ್ನ ಕೈ ನೋಡಿದಳು, ಮುಂಗೈಯಿಂದ ಮೊಣಕೈಗೆ ಹರಿದು ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ದೇವ್ರಿಗೆ ಇಡೋದಲ್ವಾ ಅತ್ತೆ, ಮೈಲಿಗೆ ಆಗ್ಬಾರ್ದು ಅಂತ ಅಷ್ಟೇ — ಮೈಲಿಗೆಯಂತೆ, ಆಗ ನನಗೆ ಬಂದ ಸಿಟ್ಟನ್ನು ಒಲೆಗೆ ಹಾಕಿದ್ದರೆ ಗ್ಯಾಸ್ ಇಲ್ಲದೆ ಬೆಲ್ಲ ಕರಗುತ್ತಿತ್ತು, ಏನಮ್ಮಾ, ನೀನು ತಿನ್ನೋ ರಾಗಿ ಮುದ್ದೆ ಯಾರ ಬೆವ್ರೂ ಬೀಳ್ದಿರೋ ಒಲದಾಗೆ ಬೆಳ್ದೈತಾ ಅಂದೆ, ಪಾತ್ರೆ ಎಳೆದುಕೊಂಡೆ, ಹಣೆಗೊಂದು ಬಟ್ಟೆ ಬಿಗಿದೆ, ಎರಡು ಮೊಣಕೈಗೂ ಹಳೇ ಪಂಚೆಯ ತುಂಡು ಸುತ್ತಿಸಿಕೊಂಡೆ, ಸುತ್ತಿಕೊಟ್ಟವರು ನಮ್ಮ ಯಜಮಾನರು ಮುನಿಆಂಜಿನಪ್ಪನವರೇ, ಸುತ್ತುತ್ತ ಸುತ್ತುತ್ತ, ಕುಸ್ತಿಗೆ ಒಂಟಂಗವ್ಳೆ ನೋಡ್ರೋ ಅಂತ ನಗುತ್ತಿದ್ದರು, ನಗಲಿ, ಅಕ್ಕಿಹಿಟ್ಟು ಬೆಲ್ಲ ಏಲಕ್ಕಿ ತುಪ್ಪ, ಒಂದು ಹನಿ ಬೀಳದ ಹಾಗೆ ಕಲಸಿ, ಗೋಪುರ ಕಟ್ಟಿ, ತುದಿಯಲ್ಲಿ ಹೆಬ್ಬೆರಳಿನಿಂದ ಗುಳಿ ಒತ್ತಿ ತುಪ್ಪ ಹಾಕಿ ಬತ್ತಿ ಇಟ್ಟೆ, ಅಷ್ಟರಲ್ಲಿ ಮಗ ನಂದಕುಮಾರ ಸ್ನಾನ ಮಾಡಿ ಬಂದವನು, ಅಮ್ಮ ಈ ವರ್ಷ ದೀಪ ಸರಳಾ ಹೊತ್ಕೊಳ್ಲಿ ಬಿಡು, ಹೋದ್ವರ್ಷದ ವಿಡಿಯೋ ನೋಡ್ದೋರೆಲ್ಲ ಕೇಳ್ತಾರೆ, ನಿಮ್ಮ ತಾಯಿಗೆ ಏನೋ ದೊಡ್ಡ ಕಾಯಿಲೆ ಅಂತಲ್ಲ ಅಂತ, ಬೆವ್ರು ಬತ್ತಿ ಮೇಲೆ ಬಿದ್ದು ಆರಿ ಗೀರಿ ಹೋದ್ರೆ — ಬೆವರು ಮೇಲಕ್ಕೆ ಹಾರುತ್ತದೇನೋ, ದೀಪ ತಲೆಯ ಮೇಲಿರುತ್ತದೆ, ಬೆವರು ಕೆಳಗೆ ಇಳಿಯುತ್ತದೆ, ಇಷ್ಟು ಓದಿದವನಿಗೆ ಇದು ತಿಳಿಯಲಿಲ್ಲ, ಆಗ ಅಂದುಬಿಟ್ಟೆ, ದೀಪ ಆರೋದ್ರೆ ಬರೋ ವರ್ಷದಿಂದ ಸರಳಾನೇ ಒತ್ಕೊಳ್ಲಿ, ನಾನು ನೀವು ಏಳ್ದಂಗೆ ಮೂಲೇಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿರ್ತೀನಿ, ಮದ್ವೆಗೂ ಬರಲ್ಲ ಮುಂಜಿಗೂ ಬರಲ್ಲ, ಆರ್ದೆ ಬಂದ್ರೆ ನನ್ನ ಬೆವ್ರಿನ ಸುದ್ದಿ ಯಾರೂ ಎತ್ತಂಗಿಲ್ಲ. ಆಯ್ತು ಅಂದ ಮಗ, ಅಷ್ಟು ಬೇಗ ಆಯ್ತು ಅಂದನಲ್ಲ, ಆರಿಯೇ ಆರುತ್ತದೆ ಅಂತ ಅವನಿಗೆ ಗಟ್ಟಿ.

ಅದಕ್ಕೇ ಸರಳಾ ನನ್ನ ಹಿಂದೆಯೇ ಬರುತ್ತಿದ್ದಾಳೆ, ತೋಳಿಗೆ ಆ ದೊಡ್ಡ ಬ್ಯಾಗು, ಅದರಲ್ಲಿ ಆ ಟವಲ್ಲು, ನನಗೆ ಗೊತ್ತಿಲ್ಲವೇ, ಹಸಿರು ಗೆರೆಯ ಟವಲ್ಲು, ಮನೆಗೆ ಯಾರಾದರೂ ಬಂದಾಗ ನಾನು ಸೋಫಾದ ಕಡೆ ನಡೆದರೆ ನನಗಿಂತ ಮೊದಲು ಆ ಟವಲ್ಲು ಹೋಗಿ ಕೂತಿರುತ್ತದೆ, ಕಾರಿನ ಸೀಟಿನ ಮೇಲೆ ಅದು, ಮದುವೆ ಮನೆಯ ಕುರ್ಚಿಯ ಮೇಲೆ ಅದು, ಮಕ್ಕಳ ಕೆಳಗೆ ಹಾಸುತ್ತಾರಲ್ಲ ಹಾಗೆ, ನಾನು ಮಗುವಾ — ಯಲಹಂಕದ ಮದುವೆಯಲ್ಲಿ ಹೆಣ್ಣಿನ ತಾಯಿ ನನ್ನ ಕೈ ಹಿಡಿದು ಚೆನ್ನಾಗಿದೀರಾ ಅಂದವಳು ತಕ್ಷಣ ಕೈಬಿಟ್ಟು, ನನಗೆ ಕಾಣದ ಹಾಗೆ ಅಂದುಕೊಂಡು ಕೈಯನ್ನು ಸೆರಗಿನ ಹಿಂಬದಿಗೆ ಒರೆಸಿದಳು, ಕಂಡಿತು, ಎಲ್ಲ ಕಾಣುತ್ತದೆ, ಆ ದಿನ ಊಟದ ಎಲೆಯ ಮುಂದೆ ಕೂತು ಅತ್ತುಬಿಟ್ಟೆ, ಅಳು ಯಾವುದು ಬೆವರು ಯಾವುದು ಯಾರಿಗೂ ಗೊತ್ತಾಗಲಿಲ್ಲ, ಅದೊಂದು ಅನುಕೂಲ — ಮತ್ತೆ ನಗು ಬರುವುದು ಯಾಕೆಂದರೆ ನನ್ನ ಅತ್ತೆ ರಾಮಲಕ್ಷ್ಮಮ್ಮ ಇದ್ದಳಲ್ಲ, ಸತ್ತು ಎಷ್ಟೋ ಕಾಲವಾಯಿತು, ಅವಳು ನನ್ನನ್ನು ಬೈದದ್ದು ಬೆವರುವುದಿಲ್ಲ ಅಂತ, ಹೌದು, ಆಗ ನನಗೆ ಬೆವರೇ ಬರುತ್ತಿರಲಿಲ್ಲ, ಈ ಬಿಳೀ ಅಪಾರ್ಟ್‌ಮೆಂಟು ನಿಂತಿದೆಯಲ್ಲ ಇಲ್ಲೇ ನಮ್ಮ ಗುಲಾಬಿ ತೋಟ, ಏಪ್ರಿಲ್ ಬಿಸಿಲಿನಲ್ಲಿ ಬೆಳಗಿನಿಂದ ಕಳೆ ಕಿತ್ತು, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ ಮಧ್ಯಾಹ್ನ ಮನೆಗೆ ಬಂದರೆ ಹಣೆ ಒಣಗಿದ್ದು ಒಣಗಿದ ಹಾಗೇ, ಅತ್ತೆ ಬಾಗಿಲಲ್ಲೇ ನಿಂತು ನನ್ನ ಕತ್ತಿಗೆ ಕೈ ಹಾಕಿ ಮುಟ್ಟಿ ನೋಡಿ, ಬೆವ್ರೇ ಬರ್ದಿರೋ ಮೈ ಸೋಮಾರಿ ಮೈ ಕಣೇ, ಎಲ್ಲಿ ಮರದ ನೆರಳಾಗೆ ಮಲ್ಗಿದ್ದೆ ಅನ್ನುತ್ತಿದ್ದಳು, ಕೈಯ ಗುಳ್ಳೆ ತೋರಿಸಿದರೂ ನಂಬುತ್ತಿರಲಿಲ್ಲ, ಬೆವರು ಕಂಡರೆ ಮಾತ್ರ ಕೆಲಸ, ಒಂದೊಂದು ದಿನ ಬಾವಿ ನೀರನ್ನು ಮುಖಕ್ಕೆ ಚಿಮುಕಿಸಿಕೊಂಡು ಒಳಗೆ ಹೋಗುತ್ತಿದ್ದೆ, ಆಗ ಸುಮ್ಮನಾಗುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನನಗೆ ಆ ಕಾಲದಲ್ಲೂ ಬೈಗುಳ, ಈ ಕಾಲದಲ್ಲೂ ಟವಲ್ಲು.

ಬಂದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ಸುಮ್ಮನೆ ಬಂತು, ಒಂದು ದಿನ ಟೀವಿ ಮುಂದೆ ಅವರೆಕಾಳು ಹಿತಕುತ್ತ ಕೂತಿದ್ದೆ, ಕಾಳು ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು, ನೋಡಿದರೆ ಅಂಗೈಯಲ್ಲಿ ನೀರು, ತಲೆಯಿಂದ ನೀರು, ಬೆನ್ನಿನಿಂದ ನೀರು, ಜ್ವರವಿಲ್ಲ, ನೋವಿಲ್ಲ, ಹೆದರಿಕೆಯಿಲ್ಲ, ನಂದಕುಮಾರ ಗಾಬರಿಯಾಗಿ ಹಾರ್ಟು ಅಂತ ಕಾರಿನಲ್ಲಿ ಹಾಕಿಕೊಂಡು ಓಡಿದ, ಹಾರ್ಟು ಸರಿಯಿತ್ತು, ಸಕ್ಕರೆ ಸರಿಯಿತ್ತು, ಥೈರಾಯ್ಡು ಸರಿ, ಟೀಬಿ ಇಲ್ಲ, ಇನ್ನೂ ಏನೇನೋ ಸ್ಕ್ಯಾನು, ಅದರೊಳಗೆ ಮಲಗಿದರೂ ಬೆವರಿದೆ, ಮಿಷನ್ನು ತೊಳೆದುಕೊಟ್ಟು ಬಂದ ಹಾಗಾಯಿತು, ಮಾತ್ರೆ ಕೊಟ್ಟರು, ಬಾಯಿ ಒಣಗಿತು, ಮೈ ಒಣಗಲಿಲ್ಲ, ಒಬ್ಬ ದೊಡ್ಡ ಡಾಕ್ಟರು ಟೆನ್ಷನ್ ಮಾಡ್ಕೋಬೇಡಿ ಅಂದ, ಇನ್ನೊಬ್ಬ ವಯಸ್ಸು ಅಂದ, ಸರಳಾಳ ತಾಯಿ ಮುಟ್ಟು ನಿಂತಿದ್ದಕ್ಕೆ ಅಂದಳು, ಅದು ನಿಂತದ್ದು ಯಾವ ಕಾಲದಲ್ಲಿ, ನಮ್ಮ ನಾದಿನಿ ಕಣ್ಣು ಬಿದ್ದಿದೆ ಅಂತ ಮೆಣಸಿನಕಾಯಿ ಇಳಿ ತೆಗೆದಳು, ಆ ಘಾಟಿಗೆ ಎಲ್ಲರೂ ಬೆವರಿದರು, ಅವತ್ತೊಂದು ದಿನ ನಾನು ಒಬ್ಬಂಟಿಯಾಗಲಿಲ್ಲ — ಸಂಜಯನಗರದಲ್ಲಿ ಒಬ್ಬ ಹುಡುಗಿ ಡಾಕ್ಟರು, ರಮಾ ಅಂತ, ಎಲ್ಲ ರಿಪೋರ್ಟು ನಿಧಾನವಾಗಿ ನೋಡಿ ಕನ್ನಡಕ ತೆಗೆದಿಟ್ಟು, ಅಜ್ಜಿ, ಯಾಕೆ ಅಂತ ನಮಗೆ ಗೊತ್ತಾಗ್ತಾ ಇಲ್ಲ, ನಿಮ್ಮ ತಪ್ಪೇನೂ ಇಲ್ಲ ಅಂದಳು, ಅಷ್ಟು ಜನರಲ್ಲಿ ಗೊತ್ತಿಲ್ಲ ಅಂದವಳು ಅವಳೊಬ್ಬಳೇ, ಅವಳ ಕೈ ಹಿಡಿದುಕೊಂಡೆ, ಒದ್ದೆ ಕೈಯಲ್ಲೇ, ಅವಳು ಬಿಡಿಸಿಕೊಳ್ಳಲಿಲ್ಲ — ಆಮೇಲಿಂದ ನಾನು ಕಾರಣ ಹುಡುಕುವುದನ್ನು ಬಿಟ್ಟೆ, ಮಂದಿ ಬಿಡಲಿಲ್ಲ, ಕಾರಣವಿಲ್ಲದೆ ಯಾಕಿರಬಾರದು, ಬೆಟ್ಟದಲ್ಲಿ ಊಟೆ ಯಾಕೆ ಒಸರುತ್ತದೆ ಅಂತ ಯಾರಾದರೂ ಬೆಟ್ಟವನ್ನು ಕೂರಿಸಿಕೊಂಡು ಬೈಯುತ್ತಾರೆಯೇ, ನಮ್ಮ ಯಜಮಾನರೇ ವಾಸಿ, ಬೇರೆ ಕೋಣೆಗೆ ಹೋಗಿ ಮಲಗು ಅಂತ ಮಗ ಹೇಳಿಕೊಟ್ಟರೂ ಹೋಗಲಿಲ್ಲ, ನಿನ್ನ ಪಕ್ಕ ಮಲ್ಗಿದ್ರೆ ಕೆರೆ ಏರಿ ಮೇಲೆ ಮಲ್ಗ್ದಂಗೆ ತಂಪು ಕಣೇ ನಾರಾಯಣಿ ಅಂದು ಆ ಕಡೆ ತಿರುಗಿ ಗೊರಕೆ ಹೊಡೆದರು. ಅಷ್ಟು ಸಾಕಿತ್ತು ನನಗೆ.

ಬೇಕರಿ ಬಂತು, ಇಲ್ಲಿಂದ ಗುಡಿ ಹತ್ತಿರ, ಬನ್ನಿನ ವಾಸನೆ, ತಮಟೆ ಎದೆಯೊಳಗೇ ಹೊಡೆದ ಹಾಗೆ, ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಗೂಡಿಗೆ ಹೋಗುತ್ತಿದೆ, ಬೆಳಕು ಸಣ್ಣಗಾಯಿತು — ಈಗ ಬಲಗಡೆಯಿಂದಲೂ ಹೊರಟಿತು, ಎರಡು ಕಡೆಯಿಂದ, ನಡುವೆ ಕುಂಕುಮವನ್ನೇ ಹಿಡಿದುಕೊಂಡು ಹರಿಯುತ್ತಿದೆ, ಬೆಳಿಗ್ಗೆ ದೊಡ್ಡದಾಗಿ ಇಟ್ಟಿದ್ದೆ, ಕಾಸಿನಗಲ, ಕರಗಿತು, ಮೂಗಿನ ಮೇಲೆ ಇಳಿಯಿತು, ತುಟಿಗೆ ಉಪ್ಪು, ಅಯ್ಯೋ ಕಣ್ಣಿಗೆ ಹೋಯಿತು, ಉಪ್ಪೂ ಕುಂಕುಮವೂ ಸೇರಿ ಕಣ್ಣೊಳಗೆ ಉರಿ ಉರಿ, ಒರೆಸುವ ಹಾಗಿಲ್ಲ, ಕಣ್ಣು ಮುಚ್ಚಿದೆ, ತೆರೆದೆ, ಕೆಂಪು, ಎಲ್ಲ ಕೆಂಪು, ತಟ್ಟೆ ಅಲ್ಲಾಡದ ಹಾಗೆ ಕತ್ತು ಬಿಗಿಹಿಡಿದು ಮುಖವನ್ನು ಮಾತ್ರ ಒದರಿದೆ, ಮೈಯೆಲ್ಲ ಒಮ್ಮೆ ನಡುಗಿತು, ಉರಿಗೆ ಹಲ್ಲು ಕಚ್ಚಿಕೊಂಡು ಹ್ಞೂಂ ಅಂದೆ, ಅಂದದ್ದು ಅಷ್ಟೇ, ಸ್ವಲ್ಪ ಜೋರಾಗಿ ಅಂದೆನೇನೋ — ಬೇಕರಿಯ ಕಟ್ಟೆ ಮೇಲಿದ್ದ ಒಬ್ಬ ಮುದುಕಿ ಎದ್ದು ನಿಂತು ಕೂಗಿದಳು, ಅಮ್ಮ ಬಂದವ್ಳೆ, ಅಮ್ಮ ಬಂದವ್ಳೆ ಕಣ್ರೋ, ಮಕ ನೋಡ್ರೋ, ನೀರು ಉಯ್ದಂಗೆ ಬೆವರ್ತಾವ್ಳೆ, ಯಾರ ಮೇಲೆ ಬಂದಳು ಅಂತ ನಾನೂ ತಿರುಗಿ ನೋಡಲು ಹೋದೆ, ಮುಂದಿನ ಹೆಂಗಸರು ಪಕ್ಕಕ್ಕೆ ಸರಿದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನನ್ನ ಮೇಲೇ ಬಂದಿರುವುದು, ನನಗೇ ಗೊತ್ತಿಲ್ಲ, ತಮಟೆಯವರು ನನ್ನ ಕಡೆ ತಿರುಗಿ ಒಂದೇ ಸಮನೆ ಹೊಡೆಯತೊಡಗಿದರು, ಯಾರೋ ಬೇವಿನ ಸೊಪ್ಪು ತಂದು ನನ್ನ ಸೊಂಟಕ್ಕೆ ಸಿಕ್ಕಿಸಿದರು, ಯಾರೋ ಕಾಲಿಗೆ ಕೊಡ ನೀರು ಸುರಿದರು, ನೀರಿಗೇನು ಬರವಿತ್ತೇ ನನಗೆ, ಜನದ ನಡುವೆ ನಮ್ಮ ಯಜಮಾನರ ದನಿ ಮಾತ್ರ, ಅಯ್ಯೋ ದಿನಾ ಇಂಗೇಯ ಕಣ್ರಪ್ಪಾ, ಬೇಕಾದ್ರೆ ಮಂಚ ನೋಡ್ ಬನ್ನಿ, ಅವರ ಮಾತನ್ನು ಯಾರು ಕೇಳುತ್ತಾರೆ. ಪೂಜಾರಿ ಮುನಿವೆಂಕಟಯ್ಯ ಗುಡಿಯಿಂದ ಓಡಿಬಂದ, ನನ್ನ ಮುಖಕ್ಕೆ ಅರಿಶಿನದ ನೀರು ಎರಚಿದ.

ಒಂದು ಹೆಣ್ಣು, ಎಳೆಯದು, ಕಂಕುಳಲ್ಲಿ ಕೂಸು, ಹತ್ತಿರ ಬಂದು ನನ್ನ ಮೊಣಕೈಯಿಂದ ತೊಟ್ಟಿಕ್ಕುತ್ತಿದ್ದುದನ್ನು ಅಂಗೈಯಲ್ಲಿ ಹಿಡಿದು ಕೂಸಿನ ಹಣೆಗೆ ಹಚ್ಚಿದಳು, ಆಮೇಲೆ ತನ್ನ ಕಣ್ಣಿಗೆ ಒತ್ತಿಕೊಂಡಳು — ಇದನ್ನೇ ಅಲ್ಲವೇ ಯಲಹಂಕದಲ್ಲಿ ಸೆರಗಿನ ಹಿಂದೆ ಒರೆಸಿಕೊಂಡದ್ದು, ಇದಕ್ಕೇ ಅಲ್ಲವೇ ಬೆಳಿಗ್ಗೆ ಮೈಲಿಗೆ ಅಂದದ್ದು, ಕತ್ತಲಾಗುವುದರೊಳಗೆ ತೀರ್ಥವಾಯಿತೇ — ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಆಸೆಯಾಯಿತು, ಆಯಿತು ಬಿಡು, ಅಮ್ಮನೇ ಬಂದಳು ಅಂದುಬಿಡಲೇ, ಅಂದುಬಿಟ್ಟರೆ ಇವತ್ತಿನಿಂದ ಸೋಫಾದ ಮೇಲೆ ರೇಷ್ಮೆ ಹಾಸುತ್ತಾರೆ, ಮಂಗಳವಾರ ಶುಕ್ರವಾರ ಬಾಗಿಲಲ್ಲಿ ನಿಂಬೆಹಣ್ಣು ಹಿಡಿದು ಸಾಲು ನಿಲ್ಲುತ್ತಾರೆ, ಎಷ್ಟು ಬೆವರಿದರೆ ಅಷ್ಟು ಮಹಿಮೆ, ಆ ಯಲಹಂಕದವಳೂ ಬರುತ್ತಾಳೆ, ಬಂದು ಇದೇ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಎಷ್ಟು ಚೆನ್ನಾಗಿರುತ್ತದೆ — ಆಗ ನಂದಕುಮಾರ ಬಂದ, ನನ್ನ ಮಗ, ಇಸ್ತ್ರಿ ಮಾಡಿದ ಅಂಗಿ, ಜನರನ್ನು ಸರಿಸಿಕೊಂಡು ಬಂದು ಟಾರು ರೋಡಿನ ಮೇಲೆ ಉದ್ದಕ್ಕೆ ಬಿದ್ದ, ನನ್ನ ಒದ್ದೆ ಪಾದ ಹಿಡಿದುಕೊಂಡ, ತಾಯೀ ತಪ್ಪಾಯ್ತು, ಏನ್ ಬೇಕು ಕೇಳು ತಾಯಿ, ಮಾಡಿಸ್ತೀನಿ — ನಿಜವಾಗಿ ಹೆದರಿದ್ದ, ಹಾರ್ಟು ಅಂತ ಓಡಿದ ಆ ದಿನ ಬಿಟ್ಟರೆ ಈ ಕಾಯಿಲೆ ಬಂದ ಮೇಲೆ ನನ್ನ ಮಗ ನನ್ನನ್ನು ಮುಟ್ಟಿದ್ದು ಇದೇ ಮೊದಲು, ಮುಟ್ಟಿದ್ದು ನನ್ನನ್ನಲ್ಲ, ಸಪ್ಪಲಮ್ಮನನ್ನು, ನಾನು ಅವನ ಬೆರಳಿನ ಕೆಳಗೇ ಇದ್ದೇನೆ, ಅವನಿಗೆ ಗೊತ್ತಿಲ್ಲ, ಆಸೆ ಅಲ್ಲೇ ಸತ್ತಿತು. ಬೇಡ, ಅವಳಿಗೆ ಸಿಗುವ ಮರ್ಯಾದೆ ನನಗೆ ಬೇಡ.

ಟವಲ್ಲು ಕೊಡೋ ನಂದೂ, ಅಂದೆ, ಕಣ್ಣುರಿ ತಡೆಯಲಾಗುತ್ತಿಲ್ಲ, ಮಕ ಒರ್ಸೋಕೆ ಒಂದು ಬಟ್ಟೆ ಕೊಡೋ, ಪೂಜಾರಿ ಕೇಳಿಸಿಕೊಂಡ, ಎರಡೂ ಕೈ ಎತ್ತಿ ಕೂಗಿದ, ಬಟ್ಟೆ ಕೇಳ್ತಾವ್ಳೆ, ಅಮ್ಮ ವಸ್ತ್ರ ಕೇಳ್ತಾವ್ಳೆ ಕಣ್ರಪ್ಪೋ, ಮಗ ಎದ್ದು ಓಡಿದ, ತಂದ, ಗುಡಿಯೊಳಗಿಂದ ಹೊಸ ರೇಷ್ಮೆ ಸೀರೆ, ಮಡಿಕೆ ಬಿಚ್ಚದ್ದು, ಜರಿ ಗಂಜಿ ಕಟ್ಟಿದ ಹಾಗೆ ಬಿರುಸಾದದ್ದು, ಅದನ್ನು ಬಿಚ್ಚಿ ನನ್ನ ಎರಡು ಹೆಗಲ ಮೇಲೆ ಹೊದಿಸಿದರು, ಒಂದು ಒಲೆ ಹೊದ್ದುಕೊಂಡ ಹಾಗಾಯಿತು, ಈಗ ಕಿವಿಯ ಹಿಂದಿನಿಂದಲೂ ಧಾರೆ, ನೋಡಿದ್ರಾ ನೋಡಿದ್ರಾ, ವಸ್ತ್ರ ಸಿಗ್ತಿದ್ದಂಗೆ ಇನ್ನೂ ಜಾಸ್ತಿಯಾಯ್ತು ಅಂತ ಜನ, ಹೌದು ಜಾಸ್ತಿಯಾಗುತ್ತದೆ, ಚಳಿಗಾಲದಲ್ಲಿ ನಿಮಗೂ ಹೊದಿಸಿ ನೋಡಿ — ಮುಖ ಒರೆಸಲು ಒಬ್ಬರೂ ಬರಲಿಲ್ಲ, ಕಾಲಿಗೆ ಇಷ್ಟು ಜನ, ಮುಖಕ್ಕೆ ಯಾರೂ ಇಲ್ಲ, ಆಗ ನಾನು ನಿಂತುಬಿಟ್ಟೆ, ತಟ್ಟೆ ಹಿಡಿದ ಕೈ ಹಾಗೇ ಇಟ್ಟುಕೊಂಡು, ತೋಟದ ಆ ತುದಿಯಿಂದ ಈ ತುದಿಗೆ ಎಮ್ಮೆಯನ್ನು ಕೂಗಿ ಕರೆಯುತ್ತಿದ್ದ ದನಿ ಇನ್ನೂ ಇದೆ ನನಗೆ, ಅದನ್ನು ತೆಗೆದೆ, ನಿಲ್ಸ್ರೋ ತಮಟೆ, ನಾನು ಮುನಿನಾರಾಯಣಮ್ಮ ಕಣ್ರೋ, ಮುನಿಆಂಜಿನಪ್ಪನ ಎಂಡ್ತಿ, ಇದು ಬೆವ್ರು, ಬರೀ ಬೆವ್ರು, ಯಾಕೆ ಬತ್ತದೋ ಡಾಕ್ಟ್ರಿಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ, ಅಮ್ಮಂಗೆ ಗೊತ್ತಿದ್ರೆ ಒಳಗೆ ಕೂತವ್ಳಲ್ಲ ಅವ್ಳನ್ನೇ ಕೇಳ್ರಿ, ನನ್ನ ದೀಪ ಆರೋಗ್ತದೆ, ದಾರಿ ಬಿಡ್ರಿ — ತಮಟೆ ನಿಂತಿತು, ಕೆರೆಯ ಕಡೆಯಿಂದ ಕಪ್ಪೆಯ ಸದ್ದು ಕೇಳಿಸಿತು, ಎಲ್ಲರೂ ಪೂಜಾರಿಯ ಮುಖ ನೋಡಿದರು, ಮುನಿವೆಂಕಟಯ್ಯ ಒಂದು ಉಸಿರು ಎಳೆದುಕೊಂಡು, ಪರೀಕ್ಷೆ ಮಾಡ್ತಾವ್ಳೆ, ಭಕ್ತರ ಪರೀಕ್ಷೆ, ದಾರಿ ಬಿಡ್ರೋ, ಸುತ್ತು ಅಮ್ಮ ಒಬ್ಬಳೇ ಬರ್ಬೇಕು, ಯಾರೂ ಇಂದೆ ಓಗ್ಬಾರ್ದು ಅಂದ, ಹಾಳಾಗಿ ಹೋಗು, ಅಮ್ಮ ಅಂತಲಾದರೂ ಬಿಡು ಮುನಿನಾರಾಯಣಿ ಅಂತಲಾದರೂ ಬಿಡು, ದಾರಿ ಬಿಟ್ಟರಲ್ಲ. ನಾನು ನಡೆದೆ.

ಮೊದಲ ಸುತ್ತು, ಉಳಿದ ಹೆಂಗಸರೆಲ್ಲ ತಮ್ಮ ತಮ್ಮ ದೀಪ ಹಿಡಿದು ಮುಂದಿನ ಅಂಗಳದಲ್ಲೇ ನಿಂತಿದ್ದಾರೆ, ಎರಡನೆಯ ಸುತ್ತು, ಕೈ ಸೋತಿದೆ, ತಟ್ಟೆಯ ಅಂಚು ಒದ್ದೆ ಬೆರಳಿನಲ್ಲಿ ಜಾರುತ್ತದೆ, ಹಿಡಿ, ಬಿಂದಿಗೆ ಹಿಡಿದ ಕೈ ಇದು, ಗುಲಾಬಿ ಮುಳ್ಳಿನಲ್ಲಿ ಪಳಗಿದ ಕೈ, ಅತ್ತೆ ನೋಡಿದೆಯಾ, ಈಗ ಬಂದು ನನ್ನ ಕತ್ತು ಮುಟ್ಟು, ಎಷ್ಟು ಬೇಕೋ ಅಷ್ಟಿದೆ, ಮೂರನೆಯದು, ಗುಡಿಯ ಹಿಂದೆ ತಿರುಗಿದೆ, ಇಲ್ಲಿ ಲೈಟಿಲ್ಲ, ಸುಣ್ಣದ ಗೋಡೆ ಒಂದು ಕಡೆ, ಕೆರೆ ಇನ್ನೊಂದು ಕಡೆ, ಗಾಳಿ ನೇರ ಬಂದು ಮೈಗೆ ಬಡಿಯುತ್ತಿದೆ, ನಿಂತು ನಿಂತು ಬಡಿಯುತ್ತಿದೆ, ದೀಪ ಇದೆಯೋ ಇಲ್ಲವೋ, ಬತ್ತಿ ಸುಟ್ಟ ವಾಸನೆ ಬಂತೇ, ತುಪ್ಪದ್ದೇ ಇರಬೇಕು, ಕೇಳೋಣವೆಂದರೆ ಯಾರೂ ಇಲ್ಲ — ಇದ್ದಾರೆ, ಹಿಂದೆ ಹೆಜ್ಜೆ, ಯಾರೂ ಬರಬಾರದು ಅಂದರೂ ಬಂದಿದ್ದಾರೆ, ಬಳೆಯ ಸದ್ದಿನಿಂದ ಗೊತ್ತು, ಸರಳಾ, ಬಾ, ಆರಿದೆಯಾ ಅಂತ ನೋಡುವುದಕ್ಕೇ ಬಂದೆಯಲ್ಲ, ನಾನು ಕೇಳುವುದಿಲ್ಲ ನಿನ್ನನ್ನು, ನೀನು ಹೇಳಲೂಬೇಡ, ಹುಬ್ಬಿನ ತುದಿಯಲ್ಲಿ ನನ್ನ ಹನಿ ಇದೆ, ಅದರಲ್ಲಿ ಬೆಳಕಿದೆ, ಇಲ್ಲಿ ಬೇರೆ ದೀಪವಿಲ್ಲ, ಬೀದಿ ಲೈಟಿಲ್ಲ, ಹಾಗಾದರೆ ಅದು ನನ್ನದೇ — ಸರಳಾ ಮುಂದೆ ಬಂದು ನನ್ನ ದಾರಿಗೆ ಅಡ್ಡ ನಿಂತಳು, ಬ್ಯಾಗಿನ ಜಿಪ್ಪು ಎಳೆದಳು, ಹಸಿರು ಗೆರೆಯ ಟವಲ್ಲು, ಇಲ್ಲೂ ಬಂತೇ ಅದು, ಮೂಲೆಯಿಂದ ಪೂಜಾರಿ ಇಣುಕಿ ಕೂಗಿದ, ಮುಟ್ಬೇಡಮ್ಮಾ, ಅಮ್ಮ ಬಂದಿರೋರ್ನ ಮುಟ್ಟಬಾರ್ದು, ಸರಳಾ ಅವನ ಕಡೆ ತಿರುಗಿಯೂ ನೋಡದೆ, ಯಾವ ಅಮ್ಮಾನೂ ಇಲ್ಲ, ಬೆವ್ರು ಕಣ್ರೀ, ದಿನಾ ಹಾಸಿಗೆ ಬಟ್ಟೆ ಒಗೆಯೋಳು ನಾನು, ನಂಗೊತ್ತಿಲ್ವಾ, ಅಂದಳು, ಜೋರಾಗಿ, ನನ್ನಷ್ಟೇ ಜೋರಾಗಿ, ಆಮೇಲೆ ಸಣ್ಣ ದನಿಯಲ್ಲಿ, ಅತ್ತೆ ಕಣ್ಣು ಮುಚ್ಕೊಳ್ಳಿ, ಉರೀತಿರ್ಬೇಕು, ಹೆಗಲಿನ ರೇಷ್ಮೆಯನ್ನು ಎಳೆದು ತನ್ನ ತೋಳಿಗೆ ಹಾಕಿಕೊಂಡಳು, ಒಂದು ಕೈಯಲ್ಲಿ ನನ್ನ ಗಲ್ಲ ಹಿಡಿದು, ಟವಲ್ಲಿನಿಂದ ಹಣೆ, ಕಣ್ಣು, 

ಮೂಗು, ಕಿವಿಯ ಹಿಂದೆ, ಕತ್ತು, ಬಿಸಿಲಿನಲ್ಲಿ ಒಣಗಿದ ಬಟ್ಟೆಯ ವಾಸನೆ, ಎಷ್ಟು ಒಣಗಿದೆ ಈ ಟವಲ್ಲು, ಎಷ್ಟು ಮೆತ್ತಗಿದೆ, ಇದನ್ನು ಇಷ್ಟು ದಿನ ಕೆಳಗೇ ಹಾಸಿಸಿಕೊಂಡಿದ್ದೆನಲ್ಲ, ಮುಖಕ್ಕೆ ಮುಟ್ಟಿರಲಿಲ್ಲ — ಕಣ್ಣು ತೆರೆದೆ, ಕತ್ತಲೆ, ಉರಿ ಹೋಯಿತು, ಬೆಳಕೂ ಹೋಯಿತು, ಹುಬ್ಬಿನಲ್ಲಿ ಏನೂ ಇಲ್ಲ, ಹನಿಯ ಜೊತೆ ದೀಪವನ್ನೂ ಒರೆಸಿದಳೇ, ಗಾಳಿ, ಈಗ ಬಂದ ಗಾಳಿ ದೊಡ್ಡದು, ಸರಳಾ ಮುಖ ಮೇಲಕ್ಕೆ ಎತ್ತಿದ್ದಾಳೆ, ನನ್ನ ತಲೆಯ ಮೇಲೆ ನೋಡುತ್ತಿದ್ದಾಳೆ, ಏನು ನೋಡುತ್ತಿದ್ದಾಳೆ, ಕೇಳಲೇ, ಕೇಳುವುದಿಲ್ಲ, ಕೇಳುವುದಿಲ್ಲ ಅಂದೆನಲ್ಲ, ಸ್ವಲ್ಪ ತಾಳು, ಎಲ್ಲಿಗೆ ಹೋಗುತ್ತದೆ ಅದು, ಎಷ್ಟು ಒರೆಸಿದರೂ ಬರುವುದು, ಕರೆಯದೆ ಬರುವುದು, ನನ್ನದು, ಬಾ, ನಾನು ಕರೆಯುತ್ತಿದ್ದೇನೆ ಇವತ್ತು, ಬಾ ತಾಯಿ — ಹೊರಟಿತು, ಬೈತಲೆಯ ಎಡಗಡೆಯಿಂದ, ಸಿಂಬಿಯ ಅಡಿಯಿಂದ, ನಿಧಾನವಾಗಿ, ಇರುವೆ ಹರಿದ ಹಾಗೆ, ಹಣೆ, ಕುಂಕುಮವಿದ್ದ ಜಾಗ, ಇಳಿಯಿತು, ಹುಬ್ಬು, ಹುಬ್ಬಿನ ತುದಿ, ನಿಂತಿತು, ಬೀಳುವುದಿಲ್ಲ, ಅದರೊಳಗೆ ಸಾಸಿವೆ ಕಾಳಿನಷ್ಟು, ಹಳದಿ, ಉರಿಯುತ್ತಿದೆ, ಹುಬ್ಬಿನ ತುದಿಯಲ್ಲಿ, ಹನಿಯಲ್ಲಿ, ಉರಿಯುತ್ತಿದೆ